ಅಲರ್ಜಿಗೆ ಹೆಸರಿಟ್ಟ ಮಕ್ಕಳ ವೈದ್ಯ

ಜಯನಗರದಲ್ಲಾಗಲಿ, ಬನಶಂಕರಿಯಲ್ಲಾಗಲಿ, ಮಕ್ಕಳಿರುವ ಮನೆಯೊಂದಕ್ಕೆ ಹೋಗಿ ಅರ್ಧ ಗಂಟೆ ಕುಳಿತರೆ ಅಲರ್ಜಿ ಎಂಬ ಮಾತು ಕಿವಿಗೆ ಬೀಳದೆ ಇರದು. ಒಂದು ಮಗುವಿಗೆ ಬೆಳಗಿನ ಸಾಲುಸೀನು, ಇನ್ನೊಂದಕ್ಕೆ ನಡುರಾತ್ರಿಯ ಉಬ್ಬಸ, ಮತ್ತೊಂದಕ್ಕೆ ಕಡಲೆಕಾಯಿ ತಿಂದರೆ ಮೈತುಂಬ ದದ್ದು. ಫ್ರಿಜ್ಜಿನ ಬಾಗಿಲಲ್ಲೋ ದೇವರ ಗೂಡಿನ ಪಕ್ಕದ ಗೂಡಿನಲ್ಲೋ ಬಣ್ಣದ ಸಿರಪ್ಪಿನ ಸೀಸೆಯೊಂದು ಇದ್ದೇ ಇರುತ್ತದೆ. ಎಂಬತ್ತು ದಾಟಿದ ಅಜ್ಜಿಯರೂ ಈ ಮಾತನ್ನು ಕನ್ನಡದ್ದೇ ಎಂಬಂತೆ ಸರಾಗವಾಗಿ ಆಡುತ್ತಾರೆ. ಆದರೆ ಇದು ಬಹಳ ಹಳೆಯ ಮಾತಲ್ಲ. ಇದಕ್ಕೊಂದು ಹುಟ್ಟಿದ ದಿನವಿದೆ: 1906ನೆಯ ಇಸವಿಯ ಜುಲೈ 24. ಅಂದು ಮ್ಯೂನಿಕ್ ನಗರದ ವೈದ್ಯಕೀಯ ವಾರಪತ್ರಿಕೆಯೊಂದರಲ್ಲಿ ಮೂವತ್ತೆರಡು ವಯಸ್ಸಿನ ಮಕ್ಕಳ ವೈದ್ಯನೊಬ್ಬ ಬರೆದ ಎರಡು ಪುಟದಷ್ಟು ಚಿಕ್ಕ ಲೇಖನದಲ್ಲಿ ಇದು ಮೊದಲ ಬಾರಿಗೆ ಅಚ್ಚಾಯಿತು. ಆತನ ಹೆಸರು ಕ್ಲೆಮೆನ್ಸ್ ಫಾನ್ ಪಿರ್ಕೇ.

ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳುತ್ತಿದ್ದ ದಿನಗಳಲ್ಲಿ ಈತನ ಹೆಸರನ್ನು ನಾನು ವರ್ಷಕ್ಕೊಮ್ಮೆ, ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಿದ್ದೆ. ಪಠ್ಯಪುಸ್ತಕದಲ್ಲಿ ಇದ್ದದ್ದೂ ಅಷ್ಟೇ. ನಿವೃತ್ತಿಯ ಬಿಡುವಿನಲ್ಲಿ ಆತನ ಜೀವನವನ್ನು ಕೂಡಿಸಿ ಓದಿದಾಗ ಒಂದು ಸಂಗತಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿತು. ಅಲರ್ಜಿ ಎಂಬ ಕಲ್ಪನೆ ಹೂವಿನ ಪರಾಗದಿಂದಲೋ ಧೂಳಿನಿಂದಲೋ ಹುಟ್ಟಿದ್ದಲ್ಲ. ಮಕ್ಕಳಿಗೆ ಕೊಟ್ಟ ಔಷಧದಿಂದಲೇ ಹುಟ್ಟಿತು. ಪ್ರಾಣ ಉಳಿಸುವ ಔಷಧವೊಂದು ಕೆಲವು ಮಕ್ಕಳಲ್ಲಿ ತಾನೇ ಕಾಯಿಲೆಯಾಯಿತು. ಅದೇಕೆಂದು ಕಣ್ಣಿಟ್ಟು ನೋಡಿದವನು ಪಿರ್ಕೇ.

ಆತ ಹುಟ್ಟಿದ್ದು 1874ರ ಮೇ 12ರಂದು, ವಿಯನ್ನಾದ ಅಂಚಿನ ಹಿರ್ಷ್‌ಷ್ಟೆಟನ್ ಎಂಬಲ್ಲಿ. ಸಿರಿವಂತ ಮನೆತನ, ಬ್ಯಾರನ್ ಪದವಿ. ತಂದೆ ಆಸ್ಟ್ರಿಯದ ಶಾಸನಸಭೆಯಲ್ಲಿದ್ದವನು. ತಾಯಿಯದು ಹೆಸರಾಂತ ಲೇವಾದೇವಿ ಮನೆತನ. ತಮ್ಮನಾದ ಗ್ವಿಡೋ ಮುಂದೆ ರಾಕೆಟ್ ವಿದ್ಯೆಯ ಆದ್ಯರಲ್ಲಿ ಒಬ್ಬನಾಗಿ ಶುಕ್ರಗ್ರಹಕ್ಕೆ ಹೋಗುವ ದಾರಿಯನ್ನು ಕಾಗದದ ಮೇಲೆ ಲೆಕ್ಕ ಹಾಕಿದನೆಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಲೆಕ್ಕದ ಹುಚ್ಚು ಮನೆಯಲ್ಲೇ ಇತ್ತೆಂದು ಕಾಣುತ್ತದೆ. ಕ್ಲೆಮೆನ್ಸನನ್ನು ಮೊದಲು ಧರ್ಮಶಾಸ್ತ್ರ ಓದಲು ಇನ್ಸ್‌ಬ್ರುಕ್ಕಿಗೂ, ಅನಂತರ ತತ್ತ್ವಶಾಸ್ತ್ರಕ್ಕೆ ಬೆಲ್ಜಿಯಮ್ಮಿನ ಲೂವೇನಿಗೂ ಕಳಿಸಿದರು. 1894ರಲ್ಲಿ ತತ್ತ್ವಶಾಸ್ತ್ರದ ಪದವಿ ಪಡೆದ ಮೇಲೆ ಆತ ಪಾದ್ರಿಯಾಗುವ ದಾರಿಯನ್ನು ಬಿಟ್ಟು ವೈದ್ಯಶಾಸ್ತ್ರಕ್ಕೆ ತಿರುಗಿದ. ಅಂದಿನ ಶ್ರೀಮಂತ ಕುಲಗಳಲ್ಲಿ ವೈದ್ಯವೃತ್ತಿ ಅಂಥ ಗೌರವದ್ದೇನೂ ಆಗಿರಲಿಲ್ಲ. 1900ರಲ್ಲಿ ಗ್ರಾಟ್ಸ್ ವಿಶ್ವವಿದ್ಯಾನಿಲಯದಿಂದ ಡಾಕ್ಟರಾಗಿ ಹೊರಬಂದ.

ಗ್ರಾಟ್ಸ್‌ನಲ್ಲಿ ಆಗ ಮಕ್ಕಳ ವೈದ್ಯಕ್ಕೆ ಗುರುವಾಗಿದ್ದವನು ಥಿಯೊಡೋರ್ ಎಷೆರಿಖ್. ನಮ್ಮ ವಿದ್ಯಾರ್ಥಿಗಳು ಇ. ಕೋಲೈ ಎಂದು ಬಾಯಿಪಾಠ ಮಾಡುವ ಕರುಳಿನ ಸೂಕ್ಷ್ಮಜೀವಿಗೆ ಹೆಸರು ಬಂದದ್ದು ಈತನಿಂದ. 1902ರಲ್ಲಿ ಎಷೆರಿಖ್ ವಿಯನ್ನಾದ ಸೇಂಟ್ ಆನ್ನಾ ಮಕ್ಕಳ ಆಸ್ಪತ್ರೆಗೆ ಮುಖ್ಯಸ್ಥನಾಗಿ ಬಂದಾಗ ಅಲ್ಲಿ ಆತನ ಕೈಕೆಳಗೆ ಇಬ್ಬರು ತರುಣರು ಜೊತೆಯಾದರು: ಪಿರ್ಕೇ ಒಬ್ಬ, ಹಂಗೆರಿಯಿಂದ ಬಂದ ಬೇಲಾ ಷಿಕ್ ಇನ್ನೊಬ್ಬ. ಒಬ್ಬ ಬ್ಯಾರನ್ನನ ಮಗ, ಮತ್ತೊಬ್ಬ ಸಾಧಾರಣ ಯೆಹೂದಿ ಮನೆಯ ಹುಡುಗ. ಅವರ ಸ್ನೇಹ ಮಕ್ಕಳ ಹಾಸಿಗೆಗಳ ನಡುವೆ ಬೆಳೆಯಿತು.

ಆ ಕಾಲದ ಮಕ್ಕಳ ಆಸ್ಪತ್ರೆಯೆಂದರೆ ಏನೆಂಬುದನ್ನು ಇಂದಿನ ಓದುಗರು ಊಹಿಸಿಕೊಳ್ಳಬೇಕು. ಗಂಟಲಮಾರಿ ಎಂದು ನಮ್ಮ ಹಿರಿಯರು ಹೆದರಿ ಹೇಳುತ್ತಿದ್ದ ಡಿಫ್ತೀರಿಯಾ ಮಕ್ಕಳ ಗಂಟಲಲ್ಲಿ ಪೊರೆ ಕಟ್ಟಿ ಉಸಿರು ನಿಲ್ಲಿಸುತ್ತಿತ್ತು. ಅದಕ್ಕೆ ಮದ್ದು ಸಿಕ್ಕಿ ಆಗಿನ್ನೂ ಹತ್ತು ಹನ್ನೆರಡು ವರ್ಷ. ಬೇರಿಂಗ್ ಮೊದಲಾದವರು ಕಂಡುಹಿಡಿದ ಆ ಮದ್ದನ್ನು ತೆಗೆಯುತ್ತಿದ್ದುದು ಕುದುರೆಯ ರಕ್ತದಿಂದ. ಕುದುರೆಗೆ ರೋಗದ ವಿಷವನ್ನು ಸ್ವಲ್ಪಸ್ವಲ್ಪವಾಗಿ ಚುಚ್ಚಿ, ಅದರ ರಕ್ತದಲ್ಲಿ ಪ್ರತಿವಿಷ ಹುಟ್ಟಿಸಿ, ಆ ರಕ್ತದ ತಿಳಿಯನ್ನು, ಎಂದರೆ ಸೀರಮ್ಮನ್ನು, ಮಗುವಿಗೆ ಚುಚ್ಚುವುದು. ಸಾಯಬೇಕಾದ ಮಕ್ಕಳು ಎದ್ದು ಕುಳಿತರು. ಬೇರಿಂಗನಿಗೆ 1901ರಲ್ಲಿ ಮೊದಲ ನೊಬೆಲ್ ವೈದ್ಯಪಾರಿತೋಷಕ ಬಂತು. ವಿಯನ್ನಾದ ಆಸ್ಪತ್ರೆಯಲ್ಲಿ ಸ್ಕಾರ್ಲೆಟ್ ಜ್ವರಕ್ಕೂ ಇಂಥದೇ ಕುದುರೆಯ ಸೀರಮ್ಮನ್ನು, ಅದೂ ದೊಡ್ಡ ಪ್ರಮಾಣದಲ್ಲಿ, ಕೊಟ್ಟು ನೋಡುತ್ತಿದ್ದರು.

ಆದರೆ ಗುಣವಾದ ಮಕ್ಕಳಲ್ಲಿ ಕೆಲವರಿಗೆ, ಚುಚ್ಚುಮದ್ದಾದ ಎಂಟರಿಂದ ಹನ್ನೆರಡು ದಿನಗಳ ಮೇಲೆ, ಮನೆಗೆ ಹೋಗುವ ಸಡಗರದಲ್ಲಿರುವಾಗ, ಇದ್ದಕ್ಕಿದ್ದಂತೆ ಜ್ವರ ಏರುತ್ತಿತ್ತು. ಮೈಮೇಲೆ ನಮ್ಮಲ್ಲಿ ಪಿತ್ತಗಂಧೆ ಎನ್ನುವಂಥ ಕೆಂಪು ದದ್ದು, ಕೀಲುಗಳಲ್ಲಿ ನೋವು, ಕುತ್ತಿಗೆ ಕಂಕುಳಲ್ಲಿ ಗಂಟು, ಮುಖದಲ್ಲಿ ಬಾವು. ಇದು ಮೂಲ ಕಾಯಿಲೆಯೇ ಮರುಕಳಿಸಿದ್ದೆಂದು ಕೆಲವರು, ಸೀರಮ್ಮು ಕೆಟ್ಟಿತ್ತೆಂದು ಕೆಲವರು ಹೇಳಿ ಸುಮ್ಮನಾದರು. ಪಿರ್ಕೇ ಸುಮ್ಮನಾಗಲಿಲ್ಲ. ಪ್ರತಿಯೊಂದು ಮಗುವಿಗೂ ಯಾವ ದಿನ ಚುಚ್ಚಿದರು, ಎಷ್ಟು ಚುಚ್ಚಿದರು, ಹಿಂದೆ ಎಂದಾದರೂ ಚುಚ್ಚಿಸಿಕೊಂಡಿತ್ತೇ, ದದ್ದು ಎದ್ದುದು ಯಾವ ದಿನ, ಯಾವ ಗಂಟೆ ಎಂದು ಆತ, ಷಿಕ್ ಇಬ್ಬರೂ ಬರೆದಿಟ್ಟರು. ಆ ಪಟ್ಟಿಯಲ್ಲಿ ಒಂದು ಸಂಗತಿ ಎದ್ದು ಕಂಡಿತು. ಮೊದಲ ಸಲ ಸೀರಮ್ಮು ಪಡೆದ ಮಗುವಿಗೆ ತೊಂದರೆ ತೋರಲು ಎಂಟು ಹತ್ತು ದಿನ ಬೇಕಾಗುತ್ತಿತ್ತು. ವಾರಗಳೋ ತಿಂಗಳುಗಳೋ ಕಳೆದು ಎರಡನೆಯ ಸಲ ಪಡೆದ ಮಗುವಿಗೆ ಕೆಲವೊಮ್ಮೆ ಅದೇ ದಿನ, ಗಂಟೆಗಳೊಳಗೇ, ಬಾವು ಬಂದುಬಿಡುತ್ತಿತ್ತು.

ಈ ಚಿಕ್ಕ ವ್ಯತ್ಯಾಸದಲ್ಲಿ ಎಷ್ಟು ದೊಡ್ಡ ವಿಚಾರ ಅಡಗಿತ್ತೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ರೋಗ ತಗುಲಿದ ದಿನಕ್ಕೂ ಅದು ಹೊರಗೆ ಕಾಣುವ ದಿನಕ್ಕೂ ನಡುವೆ ಇರುವ ಬಿಡುವು, ಕ್ರಿಮಿಗಳು ಸಂಖ್ಯೆಯಲ್ಲಿ ಬೆಳೆಯಲು ಬೇಕಾದ ಕಾಲವೆಂದು ಎಲ್ಲರೂ ನಂಬಿದ್ದರು. ಆದರೆ ಕುದುರೆಯ ಸೀರಮ್ಮಿನಲ್ಲಿ ಕ್ರಿಮಿಯೇ ಇಲ್ಲ. ಬೆಳೆಯುವಂಥದು ಏನೂ ಇಲ್ಲದ ಮೇಲೆ ಎಂಟು ದಿನದ ಬಿಡುವು ಯಾರದು? ಅದು ಹೊರಗಿನಿಂದ ಬಂದ ವಸ್ತುವಿನದಲ್ಲ, ಮಗುವಿನ ಮೈಯದು ಎಂದು ಪಿರ್ಕೇ ಕಂಡುಕೊಂಡ. ಪರಕೀಯ ವಸ್ತುವನ್ನು ಎದುರಿಸಲು ಮೈ ಪ್ರತಿಕಾಯಗಳನ್ನು ಸಿದ್ಧಪಡಿಸಲು ಅಷ್ಟು ದಿನ ಹಿಡಿಯುತ್ತದೆ. ಸಿದ್ಧವಾದ ಪ್ರತಿಕಾಯ ಆ ವಸ್ತುವನ್ನು ಸಂಧಿಸಿದಾಗ ನಡೆಯುವ ಕಲಹವೇ ಕಾಯಿಲೆ. ಎರಡನೆಯ ಸಲ ಮೈ ಮೊದಲೇ ಸಜ್ಜಾಗಿರುತ್ತದೆ. ಆದ್ದರಿಂದ ಕಲಹ ಕೂಡಲೇ ಹೊತ್ತಿಕೊಳ್ಳುತ್ತದೆ. ನಮ್ಮನ್ನು ಕಾಯುವ ಶಕ್ತಿಯೇ ಕಾಡುವ ಶಕ್ತಿಯೂ ಆಗಬಲ್ಲದು ಎಂಬ ಮಾತು ಅಂದಿನವರಿಗೆ ಅಪಥ್ಯವಾಗಿತ್ತು. 1903ರಲ್ಲಿ ಆತ ಈ ಊಹೆಯನ್ನು ಬರೆದು, ಲಕೋಟೆಗೆ ಅರಗು ಮುದ್ರೆ ಹಾಕಿ, ವಿಯನ್ನಾದ ವಿಜ್ಞಾನ ಅಕಾಡೆಮಿಯಲ್ಲಿ ಇರಿಸಿದ. ತಾನು ಮೊದಲು ಕಂಡೆನೆಂಬುದಕ್ಕೆ ಸಾಕ್ಷಿ ಬೇಕು, ಆದರೆ ಪೂರ್ತಿ ತಿಳಿಯುವ ಮುನ್ನ ಡಂಗುರ ಹೊಡೆಯಬಾರದು ಎಂಬ ಎರಡು ಆಸೆಗಳನ್ನೂ ಈ ಲಕೋಟೆ ಒಟ್ಟಿಗೆ ತೀರಿಸಿತು. 1905ರಲ್ಲಿ ಇಬ್ಬರು ಗೆಳೆಯರೂ ಸೇರಿ ಸೀರಮ್ ಕಾಯಿಲೆಯನ್ನು ಕುರಿತು ಪುಸ್ತಕವನ್ನೇ ಹೊರತಂದರು.

ಮಾರನೆಯ ವರ್ಷ ಹೆಸರು ಬಂತು. ಗ್ರೀಕಿನಲ್ಲಿ ಅಲ್ಲೋಸ್ ಎಂದರೆ ಬೇರೆ, ಎರ್ಗಾನ್ ಎಂದರೆ ಕೆಲಸ. ಒಮ್ಮೆ ಪರಿಚಯವಾದ ವಸ್ತುವಿಗೆ ಮೈ ಮತ್ತೊಮ್ಮೆ ಬೇರೆ ಬಗೆಯಾಗಿ ಸ್ಪಂದಿಸುವುದು ಎಂಬ ವಿಶಾಲವಾದ ಅರ್ಥದಲ್ಲಿ ಆತ ಈ ಪದವನ್ನು ಕಟ್ಟಿದ. ಒಳಿತೂ ಕೆಡುಕೂ ಎರಡೂ ಅದರಲ್ಲಿ ಸೇರಿದ್ದವು. ಸಿಡುಬಿನ ಲಸಿಕೆ ಕೊಡುವ ರಕ್ಷಣೆಯೂ ಆತನ ಲೆಕ್ಕದಲ್ಲಿ ಅಲರ್ಜಿಯೇ. ಕೆಡುಕಿನ ಅರ್ಥವೊಂದೇ ಉಳಿದದ್ದು ಬರಬರುತ್ತ. ನಮ್ಮ ಭಾಷೆಯಲ್ಲಿ ಇದಕ್ಕೆ ಮೊದಲಿನಿಂದಲೂ ಮಾತುಗಳಿಲ್ಲದೆ ಇರಲಿಲ್ಲ. ಮೈಗೆ ಒಗ್ಗದು, ಆಗಿಬರದು ಎನ್ನುತ್ತಿದ್ದೆವು. ಬದನೆಕಾಯಿ ನಂಜು ಎಂದು ಗಾಯವಾದವರಿಗೆ ಬಡಿಸುತ್ತಿರಲಿಲ್ಲ. ನಿಘಂಟುಕಾರರು ಒಗ್ಗದಿಕೆ ಎಂಬ ಪದವನ್ನು ಕೊಟ್ಟಿದ್ದಾರೆ. ಅದು ನನಗೆ ಅಲರ್ಜಿಗಿಂತ ಹಿತವಾದದ್ದೆಂದೇ ಕಾಣುತ್ತದೆ. ಆದರೆ ಪಿರ್ಕೇಯ ಪದದಲ್ಲಿರುವ ಒಂದು ಅಂಶ ಇವುಗಳಲ್ಲಿ ಇಲ್ಲ: ಮೊದಲ ಸಲ ಒಗ್ಗಿದ್ದು ಎರಡನೆಯ ಸಲ ಒಗ್ಗದೆ ಹೋಗಬಹುದು ಎಂಬ ಕಾಲದ ಅಂಶ. ಹಿಂದೊಮ್ಮೆ ಕೊಟ್ಟಾಗ ಏನೂ ಆಗಲಿಲ್ಲವಲ್ಲ ಎಂದು ಮಗುವಿಗೆ ಅದೇ ಔಷಧವನ್ನು ಯೋಚಿಸದೆ ಕೊಡುವ ತಾಯಂದಿರು ತಿಳಿಯಬೇಕಾದದ್ದು ಇದನ್ನೇ.

ಮುಂದಿನ ಕಥೆಯನ್ನು ಬೇಗ ಹೇಳಿಬಿಡಬಹುದು. 1907ರಲ್ಲಿ ಆತ ಕ್ಷಯರೋಗ ತಗುಲಿದೆಯೇ ಎಂದು ತಿಳಿಯಲು ಮಗುವಿನ ಮುಂದೋಳಿನ ಮೇಲೆ ಒಂದು ತೊಟ್ಟು ಟ್ಯುಬರ್ಕ್ಯುಲಿನ್ ಇಟ್ಟು ಚರ್ಮವನ್ನು ತುಸು ಗೀರುವ ಪರೀಕ್ಷೆಯನ್ನು ಬಳಕೆಗೆ ತಂದ. ಒಂದೆರಡು ದಿನದಲ್ಲಿ ಅಲ್ಲಿ ಕೆಂಪಾಗಿ ಉಬ್ಬಿದರೆ ಮೈ ಆ ರೋಗವನ್ನು ಹಿಂದೆ ಕಂಡಿದೆಯೆಂದು ಅರ್ಥ. ಅದೂ ಅಲರ್ಜಿಯ ತತ್ತ್ವವೇ. ವಿಯನ್ನಾದ ಬಡಮಕ್ಕಳಲ್ಲಿ ಆರೋಗ್ಯವಂತರಂತೆ ಕಾಣುವವರಲ್ಲೂ ಬಹುಮಂದಿಗೆ ಹದಿಹರೆಯದ ಹೊತ್ತಿಗೆ ಕ್ಷಯ ಸೋಂಕಿರುವುದು ಇದರಿಂದ ಬೆಳಕಿಗೆ ಬಂತು. ನಮ್ಮ ಆಸ್ಪತ್ರೆಗಳಲ್ಲಿ ಈಗ ಮಾಡುವ ಮಾಂಟೂ ಪರೀಕ್ಷೆ ಇದರ ತಮ್ಮ. ಕೀರ್ತಿ ಹರಡಿತು. 1909ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯ ಆತನನ್ನು ಮಕ್ಕಳ ವೈದ್ಯದ ಪ್ರಾಧ್ಯಾಪಕನಾಗಿ ಕರೆಸಿಕೊಂಡಿತು. ಮರುವರ್ಷ ಬ್ರೆಸ್ಲಾವಿಗೆ, 1911ರಲ್ಲಿ ಎಷೆರಿಖ್ ತೀರಿಕೊಂಡ ಮೇಲೆ ಗುರುವಿನ ಪೀಠಕ್ಕೆ ವಿಯನ್ನಾಕ್ಕೆ. ಅಲ್ಲಿಂದ ಕೊನೆಯವರೆಗೂ ಆತ ಅಲ್ಲೇ ಇದ್ದ. 1904ರಲ್ಲಿ ಮರಿಯಾ ಎಂಬವಳನ್ನು ಮದುವೆಯಾಗಿದ್ದ. ಆ ಸಂಬಂಧ ಮನೆಯವರಿಗೆ ಒಪ್ಪಿಗೆಯಾಗಿರಲಿಲ್ಲ. ಮಕ್ಕಳಿಗಾಗಿ ಬಾಳನ್ನೆಲ್ಲ ಮುಡಿಪಿಟ್ಟವನಿಗೆ ಮಕ್ಕಳಾಗಲಿಲ್ಲ.

ಮೊದಲ ಮಹಾಯುದ್ಧ ಮುಗಿದಾಗ ಆಸ್ಟ್ರಿಯದ ಸಾಮ್ರಾಜ್ಯ ಮುರಿದು ವಿಯನ್ನಾದಲ್ಲಿ ಅನ್ನಕ್ಕೆ ಹಾಹಾಕಾರವೆದ್ದಿತು. ಅಮೆರಿಕದ ಹೂವರ್ ನಡೆಸುತ್ತಿದ್ದ ಪರಿಹಾರಸಂಸ್ಥೆ 1919ರಲ್ಲಿ ಮಕ್ಕಳಿಗೆ ಊಟ ಕೊಡಲು ಮುಂದೆ ಬಂದಾಗ ಅದರ ಹೊಣೆಯನ್ನು ಪಿರ್ಕೇ ಹೊತ್ತ. ಲಕ್ಷಗಟ್ಟಲೆ ಮಕ್ಕಳು, ಇರುವ ಹಿಟ್ಟು, ಅಕ್ಕಿ, ಹಾಲು ಅಳತೆಯವು. ಯಾವ ಮಗುವಿಗೆ ಮೊದಲು, ಯಾವ ಮಗುವಿಗೆ ಎಷ್ಟು? ವಯಸ್ಸನ್ನು ನೋಡಿ ಕೊಡುವುದು ಆತನಿಗೆ ಒಪ್ಪಿಗೆಯಾಗಲಿಲ್ಲ. ಹಸಿವಿನಲ್ಲಿ ಬೆಳೆದ ಹತ್ತು ವರ್ಷದ ಹುಡುಗನಿಗೆ ಏಳು ವರ್ಷದವನ ಮೈ ಇರುತ್ತದೆ. ಆದ್ದರಿಂದ ಮಗುವನ್ನೇ ಅಳೆಯಬೇಕು.

ಆತನ ಅಳತೆಯ ಕ್ರಮ ವಿಚಿತ್ರವಾದದ್ದು. ಮಗುವಿನ ತೂಕವನ್ನು ಗ್ರಾಮುಗಳಲ್ಲಿ ಹಿಡಿದು, ಹತ್ತರಿಂದ ಗುಣಿಸಿ, ಅದರ ಘನಮೂಲ ತೆಗೆದು, ಕುಳಿತಾಗ ಬೆನ್ನಿನ ಬುಡದಿಂದ ನೆತ್ತಿಯವರೆಗಿನ ಎತ್ತರದಿಂದ ಭಾಗಿಸುವುದು. 20 ಕಿಲೋ ತೂಕದ, ಕುಳಿತಾಗ 62 ಸೆಂಟಿಮೀಟರ್ ಎತ್ತರದ ಮಗುವನ್ನು ತೆಗೆದುಕೊಂಡರೆ ಎರಡು ಲಕ್ಷದ ಘನಮೂಲ ಸುಮಾರು 58.5, ಭಾಗಿಸಿದರೆ ನೂರಕ್ಕೆ 94. ಚೆನ್ನಾಗಿ ಉಂಡ ಮಗುವಿಗೆ ಈ ಅಂಕ 94, 95ರ ಆಸುಪಾಸಿನಲ್ಲಿರಬೇಕು. ಅದಕ್ಕಿಂತ ಇಳಿದಷ್ಟೂ ಹಸಿವು. ಇದಕ್ಕೆ ಆತ ಇಟ್ಟ ಹೆಸರು ಪೆಲಿದಿಸಿ: ಲ್ಯಾಟಿನ್ ಪದಗಳ ತಲೆಗಳನ್ನು ಕತ್ತರಿಸಿ ಜೋಡಿಸಿದ್ದು. ಮಗುವಿನ ರಕ್ತ, ಕೊಬ್ಬು, ಚರ್ಮದ ಬಿಗುವು, ಸ್ನಾಯು ಇವುಗಳ ಸ್ಥಿತಿಯನ್ನು ಹೇಳಲು ಸಾಕ್ರಾತಾಮಾ ಎಂಬ ಇನ್ನೊಂದು ಪದ ಕಟ್ಟಿ, ಸ್ವರಗಳನ್ನು ಬದಲಿಸಿದರೆ ಹೆಚ್ಚುಕಡಿಮೆ ತಿಳಿಯುವಂತೆ ಮಾಡಿದ. ಇದನ್ನು ಓದಿದಾಗ ನನಗೆ ಪಾಣಿನಿಯ ಪ್ರತ್ಯಾಹಾರಗಳು ನೆನಪಾಗಿ ನಗು ಬಂತು. ಆಹಾರವನ್ನು ಅಳೆಯಲು ಒಂದು ಗ್ರಾಮ್ ಹಾಲಿನ ಪೋಷಕಶಕ್ತಿಯನ್ನೇ ಮೂಲಮಾನವಾಗಿಟ್ಟು ಅದನ್ನು ನೆಮ್ ಎಂದು ಕರೆದ. ಸಹೋದ್ಯೋಗಿಗಳು ಈ ಪದಗಳನ್ನು ಹಾಸ್ಯ ಮಾಡಿದರು. ಕಾಲವೂ ಅವನ್ನು ಉಳಿಸಿಕೊಳ್ಳಲಿಲ್ಲ. ಆದರೆ ಆ ಲೆಕ್ಕದ ಬಲದಿಂದ ವಿಯನ್ನಾದ ಶಾಲೆಗಳಲ್ಲಿ ಹೆಚ್ಚು ಹಸಿದ ಮಗುವಿನ ತಟ್ಟೆಗೆ ಅನ್ನ ಮೊದಲು ಬಿತ್ತು ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ದೇಶ ಆತನನ್ನು ಮೆಚ್ಚಿತು. 1928ರಲ್ಲಿ ಆಸ್ಟ್ರಿಯದ ಅಧ್ಯಕ್ಷಪದವಿಗೆ ಸೂಚಿತವಾದ ಹೆಸರುಗಳಲ್ಲಿ ಆತನದೂ ಇತ್ತು. ನೊಬೆಲ್ ಪಾರಿತೋಷಕಕ್ಕೆ ಹಲವು ಸಲ ಹೆಸರು ಹೋದರೂ ಅದು ಬರಲಿಲ್ಲ. ಇದೇ ವಿಷಯದ ಇನ್ನೊಂದು ಮುಖವನ್ನು 1902ರಲ್ಲಿ ನಾಯಿಗಳಲ್ಲಿ ಕಂಡಿದ್ದ ಫ್ರಾನ್ಸಿನ ರಿಷೆಗೆ 1913ರಲ್ಲಿ ಬಂತು. 1929ರ ಫೆಬ್ರವರಿ 28ರಂದು ಪಿರ್ಕೇಯೂ, ಬಹುಕಾಲದಿಂದ ಆರೋಗ್ಯ ಕೆಟ್ಟಿದ್ದ ಆತನ ಮಡದಿಯೂ ಒಟ್ಟಿಗೆ ತಮ್ಮ ಕೈಯಾರೆ ಪ್ರಾಣ ಬಿಟ್ಟರು. ಆತನಿಗೆ ಆಗ ಐವತ್ತನಾಲ್ಕು. ಕಾರಣವನ್ನು ಬಲ್ಲೆವೆಂದು ಬರೆದವರಿದ್ದಾರೆ. ನಾನು ಆ ಬಾಗಿಲನ್ನು ತಟ್ಟಲಾರೆ.

ಮದ್ದಿನಿಂದ ಹುಟ್ಟುವ ಕಾಯಿಲೆಯನ್ನು ಹೆಸರಿಸಿದವನು, ಆ ಕಾಯಿಲೆಗೇ ಮದ್ದು ಬಂದದ್ದನ್ನು ಕಾಣಲಿಲ್ಲ. ಅಲರ್ಜಿಯ ಕಲಹದಲ್ಲಿ ಜೀವಕೋಶಗಳಿಂದ ಹೊರಬಿದ್ದು ದದ್ದು, ತುರಿಕೆ, ಸೀನುಗಳನ್ನೆಬ್ಬಿಸುವ ಹಿಸ್ಟಮೀನ್ ಎಂಬ ವಸ್ತುವನ್ನು ಹೆನ್ರಿ ಡೇಲ್ ಮತ್ತವನ ಜೊತೆಗಾರರು 1910ರ ಹೊತ್ತಿಗೆ ಗುರುತಿಸಿದ್ದರು. ಅದನ್ನು ತಡೆಯುವ ಮೊದಲ ರಾಸಾಯನಿಕಗಳು ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ದಾನಿಯೆಲ್ ಬೋವೆ, ಆನ್-ಮರೀ ಸ್ಟಾಬ್ ಇವರ ಕೈಯಲ್ಲಿ 1937ರಲ್ಲಿ ಸಿಕ್ಕಿದವು. ಬೋವೆಗೆ 1957ರಲ್ಲಿ ನೊಬೆಲ್ ಬಂತು. ಅವರು ಕಂಡದ್ದು ಮನುಷ್ಯರಿಗೆ ಕೊಡಲಾಗದಷ್ಟು ತೀಕ್ಷ್ಣವಾಗಿತ್ತು. ಕೊಡಬಹುದಾದವು 1940ರ ದಶಕದಲ್ಲಿ ಬಂದವು. ನಮ್ಮ ಮನೆಗಳಿಗೆ ಸಿರಪ್ಪಾಗಿ ಬಂದವು ಅವುಗಳ ಸಂತತಿ. ಆ ಹಳೆಯ ಬಳಗದ ಕ್ಲೋರ್‌ಫೆನಿರಮೈನ್, ಪ್ರೊಮೆಥಜೀನ್, ಡೈಫೆನ್‌ಹೈಡ್ರಮೀನ್ ಮೊದಲಾದವು ಮೂಗಿನಲ್ಲಿ ನಿಲ್ಲದೆ ಮಿದುಳಿಗೂ ಹೋಗಿ ಮಂಪರು ತರುತ್ತವೆ. ಕೆಲವು ಮಕ್ಕಳಲ್ಲಿ ತದ್ವಿರುದ್ಧವಾಗಿ ಚಡಪಡಿಕೆ ಹುಟ್ಟಿಸುತ್ತವೆ. ಮುಂದೆ ಬಂದ ಸೆಟಿರಿಜೀನ್, ಲೊರಟಡೀನ್ ಇವುಗಳಲ್ಲಿ ಆ ದೋಷ ಕಡಿಮೆ.

ಇಲ್ಲಿ ನಮ್ಮ ಊರಿಗೆ ಬರಬೇಕು. ಬೆಂಗಳೂರಿನ ಮಕ್ಕಳ ಉಬ್ಬಸವನ್ನು 1979ರಿಂದ 1999ರವರೆಗೆ ಇಪ್ಪತ್ತು ಸಾವಿರ ಮಕ್ಕಳಲ್ಲಿ ಪರಿಶೀಲಿಸಿದ ಡಾ. ಎಚ್. ಪರಮೇಶ್ ಅವರ ಲೆಕ್ಕದಲ್ಲಿ ಅದು ನೂರಕ್ಕೆ 9ರಿಂದ 29.5ಕ್ಕೆ ಏರಿತ್ತು. ಹಸುರು ನಗರವೆಂದು ಹೆಸರಾದ ಊರಿನಲ್ಲಿ ಖಾಲಿ ನಿವೇಶನವೆಂದರೆ ಕಾಂಗ್ರೆಸ್ ಗಿಡವೆಂದೇ ಆಗಿದ್ದ ಕಾಲವನ್ನು ನಾನು ಕಂಡಿದ್ದೇನೆ. ಕರ್ನಾಟಕ ಸರ್ಕಾರ 1975ರಲ್ಲಿ ಅದನ್ನು ಹಾನಿಕರ ಕಳೆಯೆಂದು ಸಾರಿತು, 1984ರಲ್ಲಿ ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟರು. ಕಳೆ ಹೋಗಲಿಲ್ಲ; ವಾಹನಗಳ ಹೊಗೆ ಜೊತೆಗೂಡಿತು. ಹೀಗಿರಲು ಮನೆಮನೆಯಲ್ಲೂ ಸೀಸೆ ಇರುವುದು ಆಶ್ಚರ್ಯವಲ್ಲ. ಆದರೆ ಆ ಸೀಸೆಯನ್ನು ಬಳಸುವ ಬಗೆ ನನಗೆ ಕಳವಳ ತರುತ್ತದೆ.

ನನ್ನ ತಾಯಿಯ ಕಾಲದಲ್ಲಿ ಕೂಸಿಗೆ ಬಜೆಯನ್ನು ಸಾಣೆಕಲ್ಲಿನ ಮೇಲೆ ಇಷ್ಟೇ ಸುತ್ತು ತೇಯಬೇಕೆಂದು ಎಣಿಸಿ, ಒಳಲೆಯಲ್ಲಿ ಕುಡಿಸುತ್ತಿದ್ದರು. ಅದರ ಗುಣದೋಷ ಹೇಗಾದರೂ ಇರಲಿ, ಎಣಿಕೆ ಇತ್ತು. ಈಚೆಗೆ ನಮ್ಮ ನೆರೆಮನೆಯ ಹುಡುಗಿಗೆ ಪಿತ್ತಗಂಧೆ ಎದ್ದಾಗ ಆಕೆಯ ಅಜ್ಜಿ ನನ್ನನ್ನು ಕರೆದು ಮೂರು ಸೀಸೆಗಳನ್ನು ಮೇಜಿನ ಮೇಲೆ ಇಟ್ಟು, ಮೇಷ್ಟ್ರೇ, ಇದರಲ್ಲಿ ಯಾವುದನ್ನು ಕೊಡಲಿ ಎಂದು ಕೇಳಿದರು. ನಾನು ವೈದ್ಯನಲ್ಲವೆಂದು ಹೇಳಿ ಅವುಗಳ ಮೇಲಿನ ಸಣ್ಣಕ್ಷರವನ್ನು ಮಾತ್ರ ಓದಿದೆ. ನೆಗಡಿಗೆಂದು ತಂದ ಒಂದರಲ್ಲೂ, ಅಲರ್ಜಿಗೆಂದು ತಂದ ಇನ್ನೊಂದರಲ್ಲೂ ಕ್ಲೋರ್‌ಫೆನಿರಮೈನ್ ಇತ್ತು. ಎರಡನ್ನೂ ಕೊಟ್ಟಿದ್ದರೆ ಒಂದೇ ಮದ್ದು ಇಮ್ಮಡಿಯಾಗುತ್ತಿತ್ತು. ಮೂರನೆಯದು ಕೂಸುಗಳಿಗಾಗಿ ಬಿಡುವ ತೊಟ್ಟುಮದ್ದು. ಅದರ ಒಂದು ಮಿಲಿಲೀಟರಿನಲ್ಲಿ ಸಿರಪ್ಪಿಗಿಂತ ಹೆಚ್ಚು ಔಷಧವಿತ್ತು. ಅದನ್ನು ಸಿರಪ್ಪಿನ ಲೆಕ್ಕದಲ್ಲಿ ಸುರಿದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಮನೆಯವರು ಕೈಗೆತ್ತಿಕೊಂಡಿದ್ದ ಚಮಚವಂತೂ ಉಪ್ಪಿನಕಾಯಿ ಜಾಡಿಯದು. ಸೀಸೆಯ ಜೊತೆ ಬರುವ ಗೆರೆಬಟ್ಟಲು ಎಲ್ಲಿಹೋಯಿತೆಂದರೆ ಮೊಮ್ಮಗಳ ಬೊಂಬೆಯಾಟದ ಸಾಮಾನಿನಲ್ಲಿ ಸಿಕ್ಕಿತು. ಅಜ್ಜಿ ವೈದ್ಯರಿಗೆ ಫೋನು ಮಾಡಿದರು. ಅವರು ಮೊದಲು ಕೇಳಿದ ಪ್ರಶ್ನೆ ಮಗುವಿನ ವಯಸ್ಸಲ್ಲ, ತೂಕ.

ಆ ಪ್ರಶ್ನೆ ಕೇಳಿದಾಗ ನನಗೆ ವಿಯನ್ನಾದ ಆ ತಕ್ಕಡಿ ಕಣ್ಣಮುಂದೆ ಬಂತು. ಹಿಂದಿನ ಕಾಲದಲ್ಲಿ ಮಕ್ಕಳ ಔಷಧಕ್ಕೆ ಯಂಗನ ಸೂತ್ರವೆಂದಿತ್ತು: ಮಗುವಿನ ವಯಸ್ಸನ್ನು, ವಯಸ್ಸಿಗೆ ಹನ್ನೆರಡು ಕೂಡಿಸಿದ ಅಂಕದಿಂದ ಭಾಗಿಸಿ, ದೊಡ್ಡವರ ಪ್ರಮಾಣದಲ್ಲಿ ಅಷ್ಟು ಪಾಲು. ನಾಲ್ಕು ವರ್ಷದ ಮಗುವಿಗೆ ಕಾಲುಭಾಗ. ಆದರೆ ಒಂದೇ ಬೀದಿಯ ನಾಲ್ಕು ವರ್ಷದ ಇಬ್ಬರು ಮಕ್ಕಳಲ್ಲಿ ಒಬ್ಬ 12 ಕಿಲೋ, ಇನ್ನೊಬ್ಬ 19 ಕಿಲೋ ಇರಬಹುದು. ಮಗು ಚಿಕ್ಕ ಅಳತೆಯ ದೊಡ್ಡ ಮನುಷ್ಯನೂ ಅಲ್ಲ. ಅದರ ಪಿತ್ತಜನಕಾಂಗ, ಮೂತ್ರಪಿಂಡಗಳು ಮದ್ದನ್ನು ಕರಗಿಸಿ ಹೊರಹಾಕುವ ವೇಗವೇ ಬೇರೆ. ಆದುದರಿಂದ ಇಂದಿನ ವೈದ್ಯರು ಹೆಚ್ಚಿನ ಔಷಧಗಳನ್ನು ತೂಕ ನೋಡಿ, ಮಿಲಿಲೀಟರಿನಲ್ಲಿ ಬರೆಯುತ್ತಾರೆ. ಅಕ್ಕನಿಗೆ ಬರೆದುಕೊಟ್ಟದ್ದನ್ನು ತಮ್ಮನಿಗೆ ಕೊಡುವುದು, ಹೋದ ವರ್ಷದ ಚೀಟಿಯನ್ನು ಈ ವರ್ಷ ಔಷಧದಂಗಡಿಗೆ ಒಯ್ಯುವುದು, ಎರಡೂ ಅಳತೆ ತಪ್ಪಿದ ಕೆಲಸಗಳೇ.

ಇನ್ನೊಂದು ರೂಢಿ ಇದಕ್ಕಿಂತ ಕೆಟ್ಟದ್ದು. ಮಂಪರು ತರುವ ಸಿರಪ್ಪನ್ನು ದೂರದ ಬಸ್ ಪ್ರಯಾಣಕ್ಕೆ ಮುನ್ನ, ಮಗು ಮಲಗಲೆಂದು ಕೊಡುವವರನ್ನು ನಾನು ಬಲ್ಲೆ. ಪ್ರೊಮೆಥಜೀನ್ ಎರಡು ವರ್ಷದೊಳಗಿನ ಕೂಸುಗಳ ಉಸಿರನ್ನೇ ಅಡಗಿಸಿ ಪ್ರಾಣ ತೆಗೆದ ಪ್ರಸಂಗಗಳು ನಡೆದದ್ದರಿಂದ ಅಮೆರಿಕದಲ್ಲಿ 2004ರಲ್ಲಿ ಆ ವಯಸ್ಸಿನವರಿಗೆ ಅದನ್ನು ಕೊಡಲೇಬಾರದೆಂದು ಸೀಸೆಯ ಮೇಲೆ ಎಚ್ಚರಿಕೆ ಬರೆಸಿದರು. ಕ್ಲೋರ್‌ಫೆನಿರಮೈನ್, ಫೆನೈಲೆಫ್ರಿನ್ ಎರಡೂ ಬೆರೆತ ನೆಗಡಿಯ ಮದ್ದನ್ನು ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಬಳಸಬಾರದೆಂದು ಮುದ್ರಿಸುವಂತೆ ನಮ್ಮ ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆದೇಶಿಸಿದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷವಸ್ತು ಬೆರೆತ ಸಿರಪ್ಪಿನಿಂದ ಮಕ್ಕಳು ಸತ್ತ ಮೇಲೆ, ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧ ಬರೆಯಲೇ ಬೇಡಿರೆಂದು ಕೇಂದ್ರದ ಆರೋಗ್ಯ ಇಲಾಖೆ ವೈದ್ಯರಿಗೆ ತಿಳಿಸಿತು. ಸಣ್ಣ ನೆಗಡಿಗೆ ಮದ್ದಿಲ್ಲದೆ ಮಗು ನಾಲ್ಕಾರು ದಿನ ಮೂಗು ಸುರಿಸಿದರೆ ಲೋಕ ಮುಳುಗುವುದಿಲ್ಲ.

ಲೋಕ ಮುಳುಗುವ ಹೊತ್ತು ಬೇರೆ ಇದೆ, ಅದನ್ನು ಗುರುತಿಸಲು ಪಿರ್ಕೇಯ ಆ ಎರಡನೆಯ ಚುಚ್ಚುಮದ್ದಿನ ಮಕ್ಕಳನ್ನು ನೆನೆಯಬೇಕು. ಕಡಲೆಕಾಯಿ ತಿಂದೋ, ಕಣಜ ಕಚ್ಚಿಯೋ, ಔಷಧ ಪಡೆದೋ ಕೆಲವು ನಿಮಿಷಗಳಲ್ಲಿ ಮಗುವಿನ ತುಟಿ ನಾಲಗೆ ಊದಿ, ಉಸಿರು ಕಟ್ಟಿ, ಧ್ವನಿ ಒಡೆದು, ಮೈ ತಣ್ಣಗಾಗಿ ಕುಸಿಯುತ್ತಿದ್ದರೆ ಮನೆಯ ಸಿರಪ್ಪನ್ನು ಹುಡುಕುತ್ತ ನಿಲ್ಲಬಾರದು. ಸಿರಪ್ಪು ದದ್ದಿನ ತುರಿಕೆಯನ್ನು ತಗ್ಗಿಸಬಲ್ಲದು. ಮುಚ್ಚುತ್ತಿರುವ ಗಂಟಲನ್ನು ತೆರೆಯಲಾರದು, ಇಳಿಯುತ್ತಿರುವ ರಕ್ತದೊತ್ತಡವನ್ನು ಎತ್ತಲಾರದು. ಅದಕ್ಕೆ ಬೇಕಾದದ್ದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಆ ವಸ್ತುವನ್ನು ಶುದ್ಧರೂಪದಲ್ಲಿ ತೆಗೆದದ್ದು 1901ರಲ್ಲಿ, ಪಿರ್ಕೇ ಇನ್ನೂ ಹೊಸ ಡಾಕ್ಟರಾಗಿದ್ದಾಗಲೇ. ಮಗುವನ್ನು ನಡೆಸದೆ, ಮಲಗಿಸಿಯೇ, ಉಸಿರಾಟ ಕಷ್ಟವಾದರೆ ಕೂರಿಸಿಕೊಂಡು, ತಡಮಾಡದೆ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ಒಯ್ಯುವಾಗ ಅದು ಏನು ತಿಂದಿತು, ಯಾವ ಔಷಧ ಎಷ್ಟು ಗಂಟೆಗೆ ಎಷ್ಟು ಕುಡಿಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಸೀಸೆಯನ್ನೂ ಜೊತೆಗೆ ಹಿಡಿದುಕೊಳ್ಳಬೇಕು. ನಮ್ಮ ನೆರೆಮನೆಯ ಅಜ್ಜಿ ಈಗ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದ್ದಾರೆ. ಅದರಲ್ಲಿ ಮೊಮ್ಮಗಳ ತೂಕ, ತೂಗಿದ ತಾರೀಖು, ಆಗಿಬರದ ಔಷಧದ ಹೆಸರು ಇವೆ; ಸೀಸೆಗಳಲ್ಲಿ ಎರಡು ಕಸಕ್ಕೆ ಹೋಗಿವೆ.